ಉಳಿದ ರಜೆಯೂ ದುಡಿಮೆಯೇ: ನೌಕರರು ತೀರಿಕೊಂಡ ಮೇಲೆ ಮನೆಗೆ ಬರಬೇಕಾದ ಹಣದ ಲೆಕ್ಕ

ಸಾಂಬ್ರಾದ ಒಂದೇ ಓಣಿಗೆ ಪಗಾರ ನಾಲ್ಕಾರು ಕಡೆಯಿಂದ ಬರುತ್ತದೆ. ಒಬ್ಬರು ವಾಯುಪಡೆಯ ತರಬೇತಿ ಕೇಂದ್ರದಲ್ಲಿ ಸಿವಿಲಿಯನ್ ನೌಕರರು. ಇನ್ನೊಬ್ಬರು ವಿಮಾನ ನಿಲ್ದಾಣದಲ್ಲಿ ಗುತ್ತಿಗೆದಾರರ ಕೈಕೆಳಗೆ ಸ್ವಚ್ಛತೆ ನೋಡಿಕೊಳ್ಳುವವರು. ಮತ್ತೊಬ್ಬರು ಉದ್ಯಮಬಾಗದ ಫೌಂಡ್ರಿಗೆ ಪಾಳಿಯಲ್ಲಿ ಹೋಗಿಬರುವವರು, ಮಗದೊಬ್ಬರು ವಾಯವ್ಯ ಸಾರಿಗೆಯ ಬಸ್ ಓಡಿಸುವವರು. ಖಾನಾಪುರದ ಕಡೆಗೆ ಹೋದರೆ ಗೋವಾದ ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವವರೂ ಸಿಗುತ್ತಾರೆ. ಇವರಲ್ಲಿ ಯಾರಾದರೂ ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಗೆ ಬರಬೇಕಾದ ಹಣ ಒಂದೇ ಕಡೆಯಿಂದ ಬರುವುದಿಲ್ಲ, ಒಂದೇ ಅರ್ಜಿಗೂ ಬರುವುದಿಲ್ಲ.

ಹೆಚ್ಚಿನ ಮನೆಗಳಲ್ಲಿ ಪಿಎಫ್ ನೆನಪಿರುತ್ತದೆ, ಗ್ರ್ಯಾಚುಟಿಯನ್ನು ಯಾರಾದರೂ ನೆನಪಿಸುತ್ತಾರೆ. ಮರೆತುಹೋಗುವುದು ಕೊನೆಯ ತಿಂಗಳ ಅರ್ಧಂಬರ್ಧ ಪಗಾರ, ಓವರ್‌ಟೈಮು, ಬೋನಸ್ಸು ಮತ್ತು ತೆಗೆದುಕೊಳ್ಳದೆ ಉಳಿದ ರಜೆ. ‘ಮನುಷ್ಯರೇ ಇಲ್ಲ ಅಂದಮೇಲೆ ರಜೆ ಎಲ್ಲಿಂದ ಬಂತು’ ಎಂದು ಮನೆಯವರೇ ಸುಮ್ಮನಾಗುತ್ತಾರೆ. ಆದರೆ ಗಳಿಕೆ ರಜೆ ಮಾಲೀಕರ ದಯೆಯಲ್ಲ. ಇಪ್ಪತ್ತು ದಿನ ದುಡಿದದ್ದಕ್ಕೆ ಒಂದು ದಿನ ಎಂಬ ಲೆಕ್ಕದಲ್ಲಿ ಸೇರುತ್ತಾ ಬಂದ ಕೂಲಿ ಅದು. ದುಡಿದವರು ಇಲ್ಲದಿದ್ದರೆ ಅವರ ವಾರಸುದಾರರಿಗೆ ಸೇರಬೇಕೆಂದು ಕಾನೂನೇ ಹೇಳುತ್ತದೆ.

ಮೊದಲು ತಿಳಿಯಬೇಕಾದ್ದು: ಮಾಲೀಕರು ಯಾರು?

ಕೆಲಸ ಮಾಡುತ್ತಿದ್ದ ಜಾಗಕ್ಕಿಂತ ಪಗಾರ ಕೊಡುತ್ತಿದ್ದವರು ಯಾರು ಎಂಬುದು ಮುಖ್ಯ. ಪಗಾರದ ಚೀಟಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಪಗಾರ ಜಮಾ ಆದ ಸಾಲು, ಇವುಗಳಲ್ಲಿ ಹೆಸರು ಸಿಗುತ್ತದೆ. ರಜೆಯ ನಿಯಮ ಅದರ ಮೇಲೆ ನಿಂತಿದೆ.

ಕಾರ್ಖಾನೆಯ ಕಾರ್ಮಿಕರಿಗೆ 1948ರ ಕಾರ್ಖಾನೆಗಳ ಕಾಯ್ದೆಯ 79ನೇ ಕಲಂ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕುರಿತ 2020ರ ಸಂಹಿತೆಯ 32ನೇ ಕಲಂ ಆ ಹಳೆಯ ತತ್ವವನ್ನೇ ಉಳಿಸಿಕೊಂಡಿದೆ. ಇಪ್ಪತ್ತು ದಿನದ ದುಡಿಮೆಗೆ ಒಂದು ದಿನ ರಜೆ, ಮುಂದಿನ ವರ್ಷಕ್ಕೆ 30 ದಿನದವರೆಗೆ ಒಯ್ಯುವ ಅವಕಾಶ ಇವು ಹಾಗೆಯೇ ಇವೆ. ಬದಲಾದದ್ದು ಅರ್ಹತೆಯ ದಿನಗಳು: ಹಿಂದೆ ವರ್ಷಕ್ಕೆ 240 ದಿನ ದುಡಿದಿರಬೇಕಿತ್ತು, ಈಗ 180 ಸಾಕು.

ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳ ನೌಕರರಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಗೋವಾದಲ್ಲಿ ಇಂಥ ಕೆಲಸದಲ್ಲಿದ್ದವರಿಗೆ ಅಲ್ಲಿಯ ಅಂಗಡಿ ಕಾಯ್ದೆ ಅನ್ವಯಿಸುತ್ತದೆ. ಆದರೆ ಪಿಎಫ್, ಇಎಸ್‌ಐ ಎರಡೂ ದೇಶಕ್ಕೆಲ್ಲ ಒಂದೇ. ಗುತ್ತಿಗೆ ಕಾರ್ಮಿಕರ ಮನೆಯವರು ಗುತ್ತಿಗೆದಾರರಿಗೆ ಬರೆದ ಅರ್ಜಿಯ ಪ್ರತಿಯನ್ನು ಮೂಲ ಸಂಸ್ಥೆಗೂ ಕೊಡಬೇಕು. ಗುತ್ತಿಗೆದಾರರು ಪಗಾರ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕಾಗುತ್ತದೆ.

ಸರ್ಕಾರಿ ನೌಕರರದು ಬೇರೆ ಲೆಕ್ಕ. ರಾಜ್ಯ ಸರ್ಕಾರಿ ನೌಕರರ ಗಳಿಕೆ ರಜೆ ಪ್ರತಿ ಜನವರಿ ಮತ್ತು ಜುಲೈ 1ರಂದು 15 ದಿನದಂತೆ ಸೇವಾ ಪುಸ್ತಕಕ್ಕೆ ಜಮಾ ಆಗುತ್ತದೆ. ಸೇವೆಯಲ್ಲಿರುವಾಗ ತೀರಿಕೊಂಡರೆ ಗರಿಷ್ಠ 300 ದಿನದ ರಜೆ ನಗದಾಗಿ ಕುಟುಂಬಕ್ಕೆ ಸೇರುತ್ತದೆ. ವಾಯುಪಡೆ ಕೇಂದ್ರದ ಸಿವಿಲಿಯನ್ನರಂಥ ಕೇಂದ್ರ ನೌಕರರಿಗೆ 1972ರ ಕೇಂದ್ರ ರಜಾ ನಿಯಮಗಳು. ಅವುಗಳಲ್ಲಿ ಗಳಿಕೆ ರಜೆಯ ಜೊತೆಗೆ ಅರ್ಧ ವೇತನ ರಜೆಯೂ ಲೆಕ್ಕಕ್ಕೆ ಬರುತ್ತದೆ, ಒಟ್ಟು ಮಿತಿ ಅದೇ 300 ದಿನ.

ಒಂದು ಎಚ್ಚರಿಕೆ: ಸಾಂದರ್ಭಿಕ ರಜೆ, ಅಂದರೆ ಸಿಎಲ್, ಸಾಮಾನ್ಯವಾಗಿ ನಗದಾಗುವುದಿಲ್ಲ. ಕಾಯಿಲೆ ರಜೆಯ ಮಾತು ಕಂಪನಿಯ ಸ್ಥಾಯಿ ಆದೇಶದ ಮೇಲಿದೆ. ಕೇಳುವಾಗ ‘ಗಳಿಕೆ ರಜೆಯ ಬಾಕಿ’ ಎಂದೇ ಕೇಳಿ.

‘ದಿನ ತುಂಬಿಲ್ಲ’ ಎಂಬ ಉತ್ತರ ಒಪ್ಪಬೇಡಿ

ಕಾರ್ಮಿಕರ ಮನೆಯವರಿಗೆ ಕೌಂಟರಿನಲ್ಲಿ ಸಿಗಬಹುದಾದ ಉತ್ತರ ಇದು: ಈ ವರ್ಷ ಅವರು ಅಷ್ಟು ದಿನ ದುಡಿದೇ ಇಲ್ಲ, ರಜೆ ಹುಟ್ಟುವುದಿಲ್ಲ. ಇದು ತಪ್ಪು. 240 ಅಥವಾ 180 ದಿನದ ಷರತ್ತು ಬದುಕಿದ್ದು ರಜೆ ಕೇಳುವವರಿಗೆ. ವರ್ಷದ ನಡುವೆ ಸೇವೆಯಲ್ಲಿರುವಾಗಲೇ ತೀರಿಕೊಂಡವರ ವಿಷಯದಲ್ಲಿ ಆ ದಿನಗಳು ತುಂಬದಿದ್ದರೂ ದುಡಿದಷ್ಟು ದಿನಕ್ಕೆ ರಜೆ ಲೆಕ್ಕ ಹಾಕಿ ವಾರಸುದಾರರಿಗೆ ಅಥವಾ ನಾಮಿನಿಗೆ ಹಣ ಕೊಡಬೇಕು ಎಂದು ಹಳೆಯ ಕಾಯ್ದೆಯೂ ಹೊಸ ಸಂಹಿತೆಯೂ ಹೇಳುತ್ತವೆ. ಗಡುವು ಸಾವಿನ ದಿನದಿಂದ 2 ತಿಂಗಳು.

ಒಂದು ಕಲ್ಪಿತ ಲೆಕ್ಕ ನೋಡೋಣ. ಉದ್ಯಮಬಾಗದ ಒಬ್ಬ ಫೌಂಡ್ರಿ ಕಾರ್ಮಿಕರು ಆಗಸ್ಟ್ 14ರಂದು ತೀರಿಕೊಂಡರು ಎಂದಿಟ್ಟುಕೊಳ್ಳಿ. ಸೇವೆ 11 ವರ್ಷ 8 ತಿಂಗಳು. ಜುಲೈ ತಿಂಗಳಲ್ಲಿ 26 ದಿನ ದುಡಿದು ಮೂಲ ವೇತನ, ತುಟ್ಟಿಭತ್ಯೆ ಸೇರಿ 18,200 ರೂಪಾಯಿ ಪಡೆದಿದ್ದರು. ದಿನಕ್ಕೆ 700 ರೂಪಾಯಿ ಆಯಿತು.

ಕೊನೆಯ ಪಗಾರ: ಆಗಸ್ಟ್‌ನಲ್ಲಿ 12 ದಿನದ ಹಾಜರಿ ಇದ್ದರೆ 8,400 ರೂಪಾಯಿ. 6 ತಾಸು ಓವರ್‌ಟೈಮ್ ಮಾಡಿದ್ದರೆ ಎರಡು ಪಟ್ಟು ದರದಲ್ಲಿ ತಾಸಿಗೆ 175ರಂತೆ 1,050 ರೂಪಾಯಿ.

ರಜೆ: ಹೋದ ವರ್ಷದಿಂದ ಬಂದದ್ದು 14 ದಿನ. ಈ ವರ್ಷ 163 ದಿನ ದುಡಿದಿದ್ದಾರೆ, ಇಪ್ಪತ್ತರಿಂದ ಭಾಗಿಸಿದರೆ 8 ದಿನ. ಅರ್ಧಕ್ಕಿಂತ ಕಡಿಮೆಯ ಭಿನ್ನರಾಶಿಯನ್ನು ಬಿಡುತ್ತಾರೆ, ಅರ್ಧ ಅಥವಾ ಹೆಚ್ಚಿದ್ದರೆ ಪೂರ್ಣ ದಿನ ಎಣಿಸುತ್ತಾರೆ. ಒಟ್ಟು 22ರಲ್ಲಿ ಈಗಾಗಲೇ ತೆಗೆದುಕೊಂಡ 3 ದಿನ ಕಳೆದರೆ 19 ದಿನ. 700ರಂತೆ 13,300 ರೂಪಾಯಿ.

ಗ್ರ್ಯಾಚುಟಿ: ವರ್ಷಕ್ಕೆ 15 ದಿನದ ಪಗಾರ, ತಿಂಗಳನ್ನು 26 ದಿನವೆಂದು ಹಿಡಿದು. ಆರು ತಿಂಗಳಿಗಿಂತ ಹೆಚ್ಚಿನ ಅವಧಿ ಒಂದು ವರ್ಷವೇ ಆಗುವುದರಿಂದ ಸೇವೆ 12 ವರ್ಷ. 700 × 15 × 12, ಅಂದರೆ 1,26,000 ರೂಪಾಯಿ. ಐದು ವರ್ಷ ತುಂಬಿರಬೇಕೆಂಬ ನಿಯಮ ಸಾವಿನ ಪ್ರಕರಣಕ್ಕೆ ಇಲ್ಲ. ಎರಡೇ ವರ್ಷ ದುಡಿದು ತೀರಿಕೊಂಡವರ ಮನೆಗೂ ಅಷ್ಟರ ಮಟ್ಟಿಗೆ ಸಲ್ಲಬೇಕು. ಕೊಡಲು ಗಡುವು 30 ದಿನ, ಮೀರಿದರೆ ಬಡ್ಡಿ ಸೇರುತ್ತದೆ.

ಈ ಮೂರೂ ಸೇರಿ 1,48,750 ರೂಪಾಯಿ. ಇದರ ಮೇಲೆ ಆ ಲೆಕ್ಕಪತ್ರ ವರ್ಷದಲ್ಲಿ 30 ದಿನ ದುಡಿದಿದ್ದರೆ ಬೋನಸ್ ಬಾಕಿ ಇರುತ್ತದೆ. ಅದು ದೀಪಾವಳಿಯ ಹೊತ್ತಿಗೆ ಉಳಿದವರಿಗೆ ಹಂಚುವಾಗ ಕೊಡುವಂಥದ್ದು. ಆಗ ಮನೆಯವರು ಮತ್ತೊಮ್ಮೆ ಹೋಗಿ ಕೇಳಬೇಕು, ತಾನಾಗಿ ಬರುತ್ತದೆಂದು ಕಾಯಬಾರದು.

ಸರ್ಕಾರಿ ನೌಕರರ ರಜೆಯ ಸೂತ್ರ ಸರಳ: ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ 30ರಿಂದ ಭಾಗಿಸಿ, ಬಾಕಿ ದಿನಗಳಿಂದ ಗುಣಿಸುವುದು. ಎರಡೂ ಸೇರಿ 60,000 ರೂಪಾಯಿ ಇದ್ದು 210 ದಿನ ಉಳಿದಿದ್ದರೆ 4,20,000 ರೂಪಾಯಿ.

ಏನನ್ನು ಕಡಿಯಬಹುದು, ಏನನ್ನು ಕಡಿಯಬಾರದು

ಹಬ್ಬದ ಮುಂಗಡ ತೆಗೆದುಕೊಂಡಿದ್ದರೆ ಅದನ್ನು ಕೊನೆಯ ಪಗಾರದಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಪಿಎಫ್ ಮತ್ತು ಗ್ರ್ಯಾಚುಟಿಯನ್ನು ಸಾಲಕ್ಕಾಗಿ ಜಪ್ತಿ ಮಾಡಲು ಬರುವುದಿಲ್ಲ, ಕೋರ್ಟಿನ ಆದೇಶವಿದ್ದರೂ ಸಹ. ಬೆಳಗಾವಿಯಲ್ಲಿ ಪತ್ತಿನ ಸೊಸೈಟಿಗಳು ಹೆಚ್ಚು, ಸಹೋದ್ಯೋಗಿಗಳೇ ಒಬ್ಬರಿಗೊಬ್ಬರು ಜಾಮೀನು ನಿಂತಿರುತ್ತಾರೆ. ಸೊಸೈಟಿಯವರು ಬಂದು ‘ಸೆಟಲ್‌ಮೆಂಟ್ ಹಣವನ್ನೆಲ್ಲ ಇತ್ತ ಕೊಡಿ’ ಎಂದರೆ ಮಾಲೀಕರು ಹಾಗೆಯೇ ಕೊಟ್ಟುಬಿಡಬಾರದು. ಮನೆಯವರು ಮೊದಲು ಆ ಸಾಲಕ್ಕೆ ವಿಮೆ ಇತ್ತೇ ಎಂದು ಸೊಸೈಟಿಯಲ್ಲಿ ಕೇಳಬೇಕು.

ಪಿಎಫ್ ವಂತಿಗೆ ಕೊನೆಯ ತಿಂಗಳು ದುಡಿದ ಪಗಾರದ ಮೇಲೆ ಕಡಿಯಬೇಕು. ರಜಾ ನಗದೀಕರಣ ‘ಮೂಲ ವೇತನ’ ಅಲ್ಲ, ಅದರ ಮೇಲೆ ಪಿಎಫ್ ಇಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಆ ಪ್ರಕರಣ ನಮ್ಮ ರಾಜ್ಯದ್ದೇ, ಮಣಿಪಾಲ ಅಕಾಡೆಮಿಯದು.

ಆದಾಯ ತೆರಿಗೆಯ ವಿಷಯ: ಸಾವಿನ ದಿನದವರೆಗಿನ ಪಗಾರ ತೀರಿಕೊಂಡವರ ಆದಾಯ. ಅದು ತೆರಿಗೆಯ ಮಿತಿಗೆ ಬಂದರೆ ವಾರಸುದಾರರು ಅವರ ಪರವಾಗಿ ರಿಟರ್ನ್ ಸಲ್ಲಿಸಬೇಕು. ನೌಕರರ ಸಾವಿನ ನಂತರ ವಾರಸುದಾರರಿಗೆ ಕೊಟ್ಟ ರಜೆಯ ಹಣ ಸಂಬಳದ ಆದಾಯವಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 1981ರ ಸುತ್ತೋಲೆಯಲ್ಲೇ ಹೇಳಿದೆ. ರಜೆಯ ಹಣದಲ್ಲಿ ಟಿಡಿಎಸ್ ಕಡಿದಿದ್ದರೆ ಕಾರಣ ಕೇಳಿ.

ಹಣ ಯಾರ ಕೈಗೆ?

ಆ ನಾಲ್ಕು ಸಂಹಿತೆಗಳಲ್ಲೊಂದಾದ ವೇತನ ಸಂಹಿತೆಯ 44ನೇ ಕಲಂ ಪ್ರಕಾರ ಬಾಕಿ ವೇತನ ನಾಮಿನಿಗೆ ಹೋಗಬೇಕು. ನಾಮಿನಿ ಇಲ್ಲದಿದ್ದರೆ ಅಥವಾ ಕೊಡಲು ಆಗದಿದ್ದರೆ ಮಾಲೀಕರು ಅದನ್ನು ನಿಗದಿತ ಪ್ರಾಧಿಕಾರದ ಬಳಿ ಠೇವಣಿ ಇಡಬೇಕು. ‘ಯಾರಿಗೆ ಕೊಡಬೇಕೋ ಗೊತ್ತಾಗಲಿಲ್ಲ, ಅದಕ್ಕೆ ಇಟ್ಟುಕೊಂಡಿದ್ದೇವೆ’ ಎಂಬ ಮಾತು ನಡೆಯುವುದಿಲ್ಲ.

ಆದರೆ ನಾಮಿನಿ ಎಂದರೆ ಹಣದ ಒಡೆಯರಲ್ಲ. ಜೀವವಿಮೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿದಂತೆ, ನಾಮಿನಿ ಹಣ ಪಡೆಯುವ ಕೈ ಮಾತ್ರ. ಹಕ್ಕು ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಾರಸುದಾರರದು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತೀರಿಕೊಂಡ ಗಂಡಸಿನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಮೊದಲ ಸಾಲಿನ ವಾರಸುದಾರರು, ಸಮಪಾಲಿನವರು. ಅತ್ತೆ ಸೊಸೆಯರ ನಡುವೆ ಕಾಗದ ಹರಿದಾಡುವುದು ಇಲ್ಲಿಯೇ. ಪಾಲಿನ ಮಾತು ಮನೆಯಲ್ಲೇ ಬಗೆಹರಿದರೆ ಸ್ಟಾಂಪ್ ಪೇಪರಿನ ಮೇಲೆ ಎಲ್ಲರ ಒಪ್ಪಿಗೆ ಪತ್ರ ಮಾಡಿಸಿ ಕೊಡಿ. ಬಗೆಹರಿಯದಿದ್ದರೆ ಸಿವಿಲ್ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗುತ್ತದೆ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಕೋರ್ಟ್ ಶುಲ್ಕವೂ ಇದೆ. ಪಿಎಫ್‌ನ ಕುಟುಂಬ ಪಿಂಚಣಿ ಮಾತ್ರ ಈ ಪಾಲಿಗೆ ಸೇರದು. ಅದು ಮೊದಲು ಹೆಂಡತಿಗೆ ಅಥವಾ ಗಂಡನಿಗೆ, ಜೊತೆಗೆ 25 ವರ್ಷದೊಳಗಿನ ಇಬ್ಬರು ಮಕ್ಕಳಿಗೆ.

ಗಡಿ ಭಾಗದ ತೊಡಕು: ಒಬ್ಬರಿಗೆ ಮೂರು ಹೆಸರು

ಬೆಳಗಾವಿ, ಖಾನಾಪುರ ಕಡೆಯ ಮನೆಗಳಲ್ಲಿ ಅರ್ಜಿ ನಿಲ್ಲಲು ಮುಖ್ಯ ಕಾರಣ ಹೆಸರು. ಶಾಲೆಯ ದಾಖಲೆ ಮರಾಠಿಯಲ್ಲಿ, ಪಹಣಿ ಕನ್ನಡದಲ್ಲಿ, ಆಧಾರ್ ಇಂಗ್ಲಿಷಿನಲ್ಲಿ ಇರುತ್ತದೆ. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಅಡ್ಡಹೆಸರು ಮುಂದೆ. ಇದಕ್ಕಿಂತ ಗಟ್ಟಿ ತೊಡಕು ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುವ ರೂಢಿ. ಗಂಡ ನಾಮಿನಿ ಫಾರ್ಮಿನಲ್ಲಿ ಮದುವೆಯ ನಂತರದ ಹೆಸರು ಬರೆಸಿರುತ್ತಾರೆ, ಹೆಂಡತಿಯ ಆಧಾರ್‌ನಲ್ಲಿ ತವರಿನ ಹೆಸರಿರುತ್ತದೆ. ಕಾಗದದ ಮೇಲೆ ಅವರು ಇಬ್ಬರು ಹೆಂಗಸರು.

ಇದಕ್ಕೆ ದಾರಿ: ‘ಈ ಎರಡೂ ಹೆಸರಿನವರು ಒಬ್ಬರೇ’ ಎಂಬ ಅಫಿಡವಿಟ್ ಅನ್ನು ನೋಟರಿ ಮುಂದೆ ಮಾಡಿಸಿ, ಮದುವೆ ನೋಂದಣಿ ಪತ್ರ ಅಥವಾ ಗಂಡನ ಹೆಸರಿರುವ ಪಡಿತರ ಚೀಟಿಯನ್ನು ಜೊತೆಗಿಡಿ. ಪಿಎಫ್‌ಗೆ ಬ್ಯಾಂಕ್ ಖಾತೆ ಮತ್ತು ಆಧಾರ್‌ನ ಹೆಸರು ಅಕ್ಷರಶಃ ಹೊಂದಬೇಕು. ತಿದ್ದುಪಡಿ ಮಾಡಿಸುವುದಾದರೆ ಅರ್ಜಿ ಹಾಕುವ ಮುಂಚೆಯೇ ಮಾಡಿಸಿ.

ಮರಣ ಪ್ರಮಾಣಪತ್ರದಲ್ಲೂ ಒಂದು ಮಾತು ನೆನಪಿಡಿ. ಸಾವು ನೋಂದಣಿಯಾಗುವುದು ಸತ್ತವರ ಊರಲ್ಲಲ್ಲ, ಸಾವು ಸಂಭವಿಸಿದ ಜಾಗದಲ್ಲಿ. ಖಾನಾಪುರದ ಹಳ್ಳಿಯವರು ಬೆಳಗಾವಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ಹಳ್ಳಿಯ ಪಂಚಾಯಿತಿಗೆ ಅಲೆದು ಫಲವಿಲ್ಲ. ಮೀರಜ್, ಕೊಲ್ಲಾಪುರ, ಗೋವಾದ ಆಸ್ಪತ್ರೆಗಳಾದರೆ ಆಯಾ ರಾಜ್ಯದ ಪತ್ರವೇ ಬರುತ್ತದೆ, ಅದು ಇಲ್ಲಿಯೂ ನಡೆಯುತ್ತದೆ. ತಿಳಿಸಬೇಕಾದ ಅವಧಿ 21 ದಿನ. ಆಸ್ಪತ್ರೆಯವರು ವಿವರ ಬರೆದುಕೊಳ್ಳುವಾಗಲೇ ಆಧಾರ್ ಮುಂದಿಟ್ಟು ಹೆಸರು ಸರಿಯಾಗಿ ಬರೆಸಿ. ಹತ್ತು ಪ್ರತಿಗಳನ್ನಾದರೂ ಇಟ್ಟುಕೊಳ್ಳಿ.

ಮನೆಯವರು ಅನುಸರಿಸಬೇಕಾದ ಕ್ರಮ

ಮೊದಲ ವಾರ: ಕಚೇರಿಗೆ ಅಥವಾ ಕಾರ್ಖಾನೆಗೆ ಸುದ್ದಿ ತಲುಪಿಸಿ. ದಿನಕರ್ಮ ಮುಗಿಯುವವರೆಗೆ ಮನೆಯ ಹೆಂಗಸರು ಹೊರಗೆ ಬರಲಾಗದ ಮನೆಗಳಲ್ಲಿ ಮೈದುನರೋ ಅಣ್ಣನೋ ಹೋಗಿ ತಿಳಿಸಿದರೂ ಸಾಕು, ಸಹಿಗೆ ಆಮೇಲೆ ಹೋಗಬಹುದು. ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಖರ್ಚಿಗೆಂದು ಒಬ್ಬರು ತೆಗೆದ ಹಣ ಮುಂದೆ ಉಳಿದ ವಾರಸುದಾರರ ತಕರಾರಿಗೆ ಬೀಜವಾಗುತ್ತದೆ. ಇಎಸ್‌ಐ ಇದ್ದರೆ ಅಂತ್ಯಕ್ರಿಯೆಯ ಖರ್ಚಿಗೆ 15,000 ರೂಪಾಯಿವರೆಗೆ ಸಿಗುತ್ತದೆ, ಖರ್ಚಿನ ರಸೀದಿ ಇಟ್ಟುಕೊಂಡು 3 ತಿಂಗಳೊಳಗೆ ಕೇಳಬೇಕು. ಸಾವು ಕೆಲಸದ ಅಪಘಾತದಿಂದ ಆಗಿದ್ದರೆ ಅವಲಂಬಿತರಿಗೆ ತಿಂಗಳ ಪಿಂಚಣಿ ಬೇರೆ ಇದೆ.

ಮೊದಲ ತಿಂಗಳು: ಪಾಸ್‌ಬುಕ್ ಎಂಟ್ರಿ ಮಾಡಿಸಿ. ವರ್ಷಕ್ಕೆ 436 ರೂಪಾಯಿ ಕಡಿದ ಸಾಲು ಕಂಡರೆ ಜೀವನಜ್ಯೋತಿ ವಿಮೆ, 20 ರೂಪಾಯಿ ಕಡಿದದ್ದು ಕಂಡರೆ ಸುರಕ್ಷಾ ವಿಮೆ. ಮೊದಲನೆಯದು ಯಾವ ಸಾವಿಗೂ, ಎರಡನೆಯದು ಅಪಘಾತದ ಸಾವಿಗೆ, ತಲಾ 2 ಲಕ್ಷ. ನಾಡಕಚೇರಿಯಲ್ಲಿ ವಂಶವೃಕ್ಷ ಮತ್ತು ಬದುಕಿರುವ ಕುಟುಂಬ ಸದಸ್ಯರ ದೃಢೀಕರಣಕ್ಕೆ ಅರ್ಜಿ ಹಾಕಿ.

ಎರಡನೇ ತಿಂಗಳು: ಪಿಎಫ್‌ನ ಮೂರು ಸವಲತ್ತುಗಳನ್ನು ಒಟ್ಟಿಗೆ ಕೇಳಿ. ಕೂಡಿಟ್ಟ ಹಣ, ಕುಟುಂಬ ಪಿಂಚಣಿ, ಮತ್ತು ಇಡಿಎಲ್‌ಐ ಎಂಬ ವಿಮೆ. ಈ ವಿಮೆಗೆ ನೌಕರರ ಪಗಾರದಲ್ಲಿ ಏನೂ ಕಡಿದಿರುವುದಿಲ್ಲ, ಆದ್ದರಿಂದ ಚೀಟಿಯಲ್ಲಿ ಕಾಣುವುದೂ ಇಲ್ಲ, ಮರೆತೇ ಹೋಗುತ್ತದೆ. ಸತತ 12 ತಿಂಗಳ ಸೇವೆ ಇದ್ದವರಿಗೆ ಇದು 2.5 ಲಕ್ಷದಿಂದ 7 ಲಕ್ಷದವರೆಗೆ ಇರುತ್ತದೆ. ಮೇಲಿನ ಫೌಂಡ್ರಿ ಕಾರ್ಮಿಕರ ಲೆಕ್ಕದಲ್ಲಿ ಪಗಾರದ ಮಿತಿ 15,000ವನ್ನು 35ರಿಂದ ಗುಣಿಸಿದರೇ 5.25 ಲಕ್ಷ ಬರುತ್ತದೆ, ಖಾತೆಯ ಶಿಲ್ಕಿನ ಆಧಾರದ ಮೇಲೆ ಇನ್ನೂ 1.75 ಲಕ್ಷದವರೆಗೆ ಸೇರಬಹುದು.

ಸರ್ಕಾರಿ ನೌಕರರ ಮನೆಯವರು ಕೆಜಿಐಡಿ ಪಾಲಿಸಿ, ಸಮೂಹ ವಿಮೆ ಇವುಗಳ ಜೊತೆಗೆ ಅನುಕಂಪದ ನೌಕರಿಯ ಅರ್ಜಿಯನ್ನು ಒಂದು ವರ್ಷದೊಳಗೆ ಕೊಡಬೇಕು. ಮದುವೆಯಾದ ಮಗಳಿಗೆ ಈ ಹಕ್ಕಿಲ್ಲ ಎಂಬ ಹಳೆಯ ನಿಯಮ ಈಗಿಲ್ಲ. ಬೆಳಗಾವಿ ಜಿಲ್ಲೆಯ ಎಪಿಎಂಸಿ ನೌಕರರೊಬ್ಬರ ಮಗಳು ಹೈಕೋರ್ಟಿಗೆ ಹೋಗಿ 2020ರ ಡಿಸೆಂಬರ್‌ನಲ್ಲಿ ಗೆದ್ದರು, ಮರುವರ್ಷ ಸರ್ಕಾರ ನಿಯಮ ತಿದ್ದಿತು.

ಅರ್ಜಿ ಹೀಗಿರಲಿ

ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ತಾರೀಕು ಇರುವುದಿಲ್ಲ. ಒಂದು ಪುಟದಲ್ಲಿ ಬರೆದು ಕೊಡಿ:

‘ಮಾನ್ಯರೇ, ನಿಮ್ಮ ಸಂಸ್ಥೆಯಲ್ಲಿ ಇಂಥ ವಿಭಾಗದಲ್ಲಿ, ಇಂಥ ನೌಕರ ಸಂಖ್ಯೆಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಪತಿಯವರು ಇಂಥ ದಿನ ನಿಧನರಾದರು. ಅವರಿಗೆ ಸಲ್ಲಬೇಕಾದ ಕೊನೆಯ ತಿಂಗಳ ವೇತನ, ಓವರ್‌ಟೈಮ್, ಗಳಿಕೆ ರಜೆಯ ಬಾಕಿ, ಬೋನಸ್ ಮತ್ತು ಗ್ರ್ಯಾಚುಟಿಯನ್ನು ನನ್ನ ಖಾತೆಗೆ ಜಮಾ ಮಾಡಬೇಕೆಂದು, ರಜಾ ಪುಸ್ತಕದ ಹಾಗೂ ನಾಮನಿರ್ದೇಶನ ಫಾರ್ಮಿನ ನಕಲು ಮತ್ತು ಬಾಬ್ತುವಾರು ಲೆಕ್ಕದ ಹಾಳೆಯನ್ನು ಕೊಡಬೇಕೆಂದು ವಿನಂತಿ. ಮರಣ ಪ್ರಮಾಣಪತ್ರ, ಆಧಾರ್ ಮತ್ತು ಪಾಸ್‌ಬುಕ್ ಪ್ರತಿ ಲಗತ್ತಿಸಿದ್ದೇನೆ.’

ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಸಿಕ್ಕೆ ಮತ್ತು ತಾರೀಕು ಹಾಕಿಸಿಕೊಳ್ಳಿ. ಸಿಕ್ಕೆ ಹಾಕಲು ಒಪ್ಪದಿದ್ದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಗಡುವು ಮೀರಿದರೆ ಬೆಳಗಾವಿಯ ಕಾರ್ಮಿಕ ಇಲಾಖೆಗೆ ದೂರು ಕೊಡಲು ಆ ಪ್ರತಿಯೇ ಆಧಾರ. ವಿಮಾನ ನಿಲ್ದಾಣ, ಬ್ಯಾಂಕಿನಂಥ ಕೇಂದ್ರದ ವ್ಯಾಪ್ತಿಯ ಸಂಸ್ಥೆಗಳಿಗೆ ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿ. ಲೆಕ್ಕದ ಹಾಳೆ ನೋಡದೆ ‘ಪೂರ್ಣ ಮತ್ತು ಅಂತಿಮ’ ಎಂಬ ರಸೀದಿಗೆ ಸಹಿ ಹಾಕಬೇಡಿ.

ಮಾಲೀಕರಿಗೂ, ಕಾರಕೂನರಿಗೂ

ಹತ್ತಿಪ್ಪತ್ತು ಜನ ದುಡಿಯುವ ಶೆಡ್ಡುಗಳಲ್ಲಿ ಹಣಕ್ಕಿಂತ ದಾಖಲೆಯ ಕೊರತೆಯೇ ಹೆಚ್ಚು. ಸುದ್ದಿ ಬಂದ ದಿನವೇ ಹಾಜರಿ ಮತ್ತು ರಜಾ ಪುಸ್ತಕದ ಆ ಪುಟಕ್ಕೆ ಗೆರೆ ಎಳೆದು ಸಹಿ ಮಾಡಿಡಿ. ಪಗಾರವನ್ನು ತೀರಿಕೊಂಡವರ ಖಾತೆಗೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಬ್ಯಾಂಕು ಆ ಖಾತೆಯನ್ನು ತಡೆಹಿಡಿದರೆ ಮನೆಯವರಿಗೆ ಮತ್ತೊಂದು ಅಲೆದಾಟ. ನಾಮಿನಿಯ ಖಾತೆಗೆ ಹಾಕಿ, ನಗದು ಕೊಡಬೇಡಿ. ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ತಾರೀಕಿನ ಜೊತೆ ಕಾರಣವನ್ನು ‘ಸೇವೆಯಲ್ಲಿರುವಾಗ ಮರಣ’ ಎಂದೇ ತುಂಬಿ. ಅಲ್ಲಿ ‘ಕೆಲಸ ಬಿಟ್ಟರು’ ಎಂದು ಬಿದ್ದರೆ ವಿಮೆಯ ಅರ್ಜಿಯೇ ತೊಡಕಿಗೆ ಸಿಗುತ್ತದೆ. ನಾಮಿನಿ ಅಪ್ರಾಪ್ತರಾಗಿದ್ದರೆ ಗ್ರ್ಯಾಚುಟಿಯ ಪಾಲನ್ನು ಪ್ರಾಧಿಕಾರದ ಬಳಿ ಠೇವಣಿ ಇಡಬೇಕು, ಚಿಕ್ಕಪ್ಪನ ಕೈಗೆ ಕೊಡುವಂತಿಲ್ಲ.

ಈ ತಿಂಗಳ ಪಗಾರದ ಜೊತೆಗೆ

ಇದನ್ನು ಓದುತ್ತಿರುವ ನೌಕರರು ಈ ತಿಂಗಳ ಪಗಾರ ಕೈಗೆ ಬಂದ ದಿನ ಮೂರು ಕೆಲಸ ಮಾಡಿ. ಕಚೇರಿಯಲ್ಲಿ ರಜೆಯ ಬಾಕಿ ಎಷ್ಟೆಂದು ಕೇಳಿ, ಪಗಾರದ ಚೀಟಿಯ ಮೇಲೆ ಬರೆಸಿಕೊಳ್ಳಿ. ಯುಎಎನ್ ಪೋರ್ಟಲ್‌ನಲ್ಲಿ ಇ-ನಾಮಿನೇಷನ್ ತೆರೆದು ನೋಡಿ. ಮದುವೆಗೆ ಮುಂಚೆ ಅಣ್ಣನ ಹೆಸರು ಬರೆಸಿದ್ದರೆ ಅದು ಈಗ ನಡೆಯುವುದಿಲ್ಲ, ಹೆಂಡತಿ ಮಕ್ಕಳ ಹೆಸರನ್ನು ಆಧಾರ್‌ನಲ್ಲಿರುವಂತೆಯೇ ತುಂಬಿ. ಗ್ರ್ಯಾಚುಟಿಯ ನಾಮನಿರ್ದೇಶನ ಪಿಎಫ್‌ಗಿಂತ ಬೇರೆ, ಅದನ್ನು ಕಾಗದದಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಈ ಮೂರು ಕಾಗದ ಎಲ್ಲಿವೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ.